ಐದನೆಯ ರಿಂಗು

ತಾನು ತೋಡಿದ ಹೊಸ ಬಾವಿಯ ನೀರನ್ನು ಕುಷ್ಟ ಕೂಡಲೇ ಕುಡಿಯುವುದಿಲ್ಲ. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು, ನಾಲಗೆಯ ಅಡಿಗೆ ಇಳಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾನೆ. ಆಮೇಲೆ ಉಗಿಯುತ್ತಾನೆ. ಈ ಕೆಲಸ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದ ಕೂಡಲೇ ಆಗಬೇಕು. ಅದಕ್ಕೆ ಮೊದಲು ಚಾ ಕುಡಿಯುವಂತಿಲ್ಲ, ಎಲೆಯಡಿಕೆ ಮುಟ್ಟುವಂತಿಲ್ಲ. ಹಿಂದಿನ ದಿನ ಒಣಮೀನು ತಿಂದಿದ್ದರೆ ಆ ದಿನ ಅವನ ನಾಲಗೆ ಲೆಕ್ಕಕ್ಕಿಲ್ಲ. ಹಾಲಾಡಿಯಿಂದ ಮರವಂತೆಯವರೆಗೆ ನಲವತ್ತಕ್ಕೂ ಹೆಚ್ಚು ಬಾವಿ ತೋಡಿದ ಮನುಷ್ಯ. ಆದರೆ 2003ರ ಬೇಸಿಗೆಯವರೆಗೂ ಅವನ ಸ್ವಂತ ಮನೆಗೆ ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು.

ಅವನ ಮನೆ ಇರುವುದು ಕೇದಗೆಕುದ್ರುವಿನಲ್ಲಿ. ನದಿಯ ನಡುವಿನ ದ್ವೀಪಕ್ಕೆ ಕುಂದಾಪುರದ ಕಡೆ ಕುದ್ರು ಎನ್ನುತ್ತಾರೆ. ಅಳಿವೆ ಹತ್ತಿರ, ಹಾಗಾಗಿ ಸಮುದ್ರದ ಭರತಕ್ಕೆ ಇಲ್ಲಿಯೂ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಮೂವತ್ತೊಂದು ಮನೆ, ತೆಂಗಿನ ಮರಗಳು, ನಾಲ್ಕನೆಯ ತರಗತಿಯವರೆಗಿನ ಒಂದು ಶಾಲೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ಮಟ್ಟ ನೀರಿಗಿಳಿದು ಕಾಲಿನಲ್ಲಿ ತಡಕಿ ಮಳಿ ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಆ ಮಾಂಸ ಕುಂದಾಪುರದ ಪೇಟೆಯಲ್ಲಿ ಒಂದೇ ಗಂಟೆಯಲ್ಲಿ ಖರ್ಚಾಗುತ್ತದೆ. ಮಳೆಗಾಲದಲ್ಲಿ ನೀರಿಗೆ ತೊಂದರೆಯಿಲ್ಲ. ಫೆಬ್ರವರಿ ದಾಟಿತೆಂದರೆ ಹಿತ್ತಿಲ ಹೊಂಡಗಳೆಲ್ಲ ಉಪ್ಪಾಗುತ್ತವೆ.

ಆಗ ಕುಷ್ಟನ ಹೆಂಡತಿ ಸರೋಜ ಆರು ಕೊಡ ಇಟ್ಟುಕೊಂಡು ಸಣ್ಣ ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದಳು. ಹೋಗಲು ಅರ್ಧ ಗಂಟೆ, ಕೊಡ ತುಂಬಿದ ಮೇಲೆ ಬರಲು ಇನ್ನೂ ಹೆಚ್ಚು. ಕುಷ್ಟ ಎಲ್ಲೇ ಕೆಲಸಕ್ಕೆ ಹೋಗಿರಲಿ, ಸಂಜೆ ಐದೂವರೆಗೆ ಆ ದಡಕ್ಕೆ ಬಂದರೆ ಹೆಂಡತಿಯ ದೋಣಿ ಅಲ್ಲಿರುತ್ತಿತ್ತು. ಹುಟ್ಟು ಹಾಕುವ ಪಾಳಿ ಆಗ ಅವನದು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಗಂಡ ಹೆಂಡತಿ ಮನೆಯ ವಿಷಯ ಮಾತಾಡಿದ್ದೆಲ್ಲ ಹೆಚ್ಚಾಗಿ ಆ ದೋಣಿಯಲ್ಲೇ.

ಕುಷ್ಟ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಹೋಗಿ ಹನ್ನೊಂದು ವರ್ಷ ಹೋಟೆಲಿನಲ್ಲಿ ದುಡಿದವನು. ಅಲ್ಲಿಂದ ತಂದದ್ದು ಎಲ್ಲಕ್ಕೂ ಆದೀತು ಎನ್ನುವ ‘ಚಲೇಗಾ’ ಎಂಬ ಮಾತು, ಮತ್ತು ಹೆಂಗಸರ ಕೈಗಿಂತ ಚೆನ್ನಾಗಿ ಅನ್ನ ಬಸಿಯುವ ಕೈ. ಬಾವಿ ಕೆಲಸ ಕಲಿಸಿದವನು ಸರೋಜಳ ತಂದೆ, ಹಾಲಾಡಿಯ ಗುಡ್ಡ ಎಂಬವನು. ಅವನು ಉಪ್ಪುನೀರು ಕಾಣದ ಬೆಟ್ಟುಭೂಮಿಯ ಮನುಷ್ಯ. ಕುದ್ರುವಿನ ನೀರನ್ನು ಕುಷ್ಟ ತಾನೇ ತಪ್ಪು ಮಾಡಿ ಕಲಿಯಬೇಕಾಯಿತು.

ಆ ತಪ್ಪು ಕುದ್ರುವಿನ ಮೂಡುಮೂಲೆಯಲ್ಲಿ ಈಗಲೂ ಇದೆ. 1992ರಲ್ಲಿ ಊರವರೆಲ್ಲ ಸೇರಿ ಅಲ್ಲೊಂದು ಬಾವಿ ತೋಡಿಸಿದರು. ನೀರು ಸಿಹಿ ಬಂತು, ಆದರೆ ಮೊಣಕಾಲಿನಷ್ಟೇ. ಇನ್ನೊಂದು ರಿಂಗ್ ಇಳಿಸು, ನೀರು ಹೆಚ್ಚಾಗುತ್ತದೆ ಎಂದರು. ಇಳಿಸಿದ. ನೀರು ಹೆಚ್ಚಾಯಿತು, ಪೂರಾ ಉಪ್ಪು. ಅಂದಿನಿಂದ ಆ ಬಾವಿ ತೆಂಗಿನ ಸಿಪ್ಪೆ ಕೊಳೆಹಾಕುವುದಕ್ಕೆ ಮಾತ್ರ. ಅದಕ್ಕೊಂದು ಹೆಸರೂ ಬಿತ್ತು, ‘ಕುಷ್ಟನ ಸಮುದ್ರ’. “ಸಿಪ್ಪೆ ಎಲ್ಲಿ ಹಾಕಿದ್ಯೇ?” ಎಂದು ಒಬ್ಬಳು ಕೇಳಿದರೆ “ಕುಷ್ಟನ ಸಮುದ್ರದಗೆ” ಎಂದು ಇನ್ನೊಬ್ಬಳು ಹೇಳುತ್ತಿದ್ದಳು. ನಗುವುದಕ್ಕೂ ಅಲ್ಲ, ಬರೀ ಗುರುತಿಗೆ. ಕುಷ್ಟನಿಗೆ ನಾಟುತ್ತಿದ್ದುದು ಅದೇ. ಹನ್ನೊಂದು ವರ್ಷ ಅವನು ಕುದ್ರುವಿನ ಮಣ್ಣಿಗೆ ಹಾರೆ ಹಾಕಿರಲಿಲ್ಲ.

2003ರಲ್ಲಿ ಈಸ್ಟರ್ ಮುಗಿದ ಮರುದಿನ ಧಾರವಾಡದ ಒಂದು ಚರ್ಚಿನಿಂದ ಹನ್ನೆರಡು ಜನ ಬಂದರು. ಹತ್ತು ದಿನದ ಸೇವೆ. ಶಾಲೆಯಲ್ಲಿ ವಾಸ, ಹಗಲು ಬಾವಿ ತೋಡುವುದು, ಸಂಜೆ ಜಗಲಿಯಲ್ಲಿ ಹಾಡು, ಪ್ರಾರ್ಥನೆ. ಹಿರಿಯರು ದೇವದಾನಪ್ಪ ಹೊಸಮನಿ, ಅರವತ್ತೊಂದು ವರ್ಷದ ನಿವೃತ್ತ ಓವರ್ಸಿಯರ್. ಕುಷ್ಟ ಅವರನ್ನು ಮೊದಲ ದಿನವೇ ‘ಇಂಜಿನಿಯರ್ರೆ’ ಎಂದು ಕರೆದ. ಅವರು ಎರಡು ಸಲ ತಿದ್ದಿ ಕೈಬಿಟ್ಟರು. ಜೊತೆಗೆ ಎಸ್ತರ್ ಎಂಬ ನರ್ಸ್. ಸಂಜೆ ಮಳಿ ಹೆಕ್ಕುವ ಹೆಂಗಸರ ಕಾಲಿನ ಗಾಯಗಳನ್ನು ತೊಳೆದು ಕಟ್ಟುತ್ತಿದ್ದಳು. ಉಳಿದವರು ಕಾಲೇಜು ಮುಗಿಸಿದ ಹುಡುಗ ಹುಡುಗಿಯರು.

ಸರೋಜ ಮೊದಲ ದಿನ ಮಳಿ ಸುಕ್ಕ ಮಾಡಿ ಬಡಿಸಿದಳು. ದೇವದಾನಪ್ಪ ಚಿಪ್ಪನ್ನು ತಟ್ಟೆಯಲ್ಲಿ ತಿರುಗಿಸಿ ನೋಡಿದರು. “ಇದೇನ್ ತಂಗಿ, ಕಲ್ಲಿನ ಪಲ್ಯಾ ಮಾಡೀರಿ?”

“ಕಲ್ಲ್ ಬಿಟ್ಟ್ ಒಳ್ಗಿದ್ದದ್ ತಿನ್ನಿ” ಎಂದಳು ಸರೋಜ. ಮೂರನೇ ದಿನ ಅವರು ತಮ್ಮ ಜೋಳದ ರೊಟ್ಟಿಯನ್ನು ಅದರ ಮಸಾಲೆಗೆ ಅದ್ದಿ ತಿನ್ನುತ್ತಿದ್ದರು.

ಆಚೆ ದಡದ ತೆಂಗಿನ ತೋಟದ ಗೋವರ್ಧನನಿಗೆ ಅನುಮಾನ. “ಅವ್ರ್ ಮತಕ್ಕೆ ಎಳೂಕ್ ಬಂದದ್ದಲ್ದಾ ಕುಷ್ಟಣ್ಣ?”

“ಅವ್ರ್ ಹಾಡ್ ಹೇಳ್ತ್ರ್, ಮಣ್ಣ್ ಹೊರ್ತ್ರ್. ನೀನ್ ಎರಡೂ ಮಾಡುದಿಲ್ಲೆ” ಎಂದ ಕುಷ್ಟ.

ಜಾಗ ಗುರುತಿಸಿದವನು ಕುಷ್ಟನೇ. ಕುದ್ರುವಿನ ನಟ್ಟನಡುವೆ, ಹಾಯ್ಗುಳಿಯ ಗುಡಿಯಿಂದ ಇಪ್ಪತ್ತು ಹೆಜ್ಜೆ. ಊರು ಕಾಯುವ ದೈವಕ್ಕೆ ಅವನು ಒಂದು ಕಾಯಿ ಒಡೆದ. ದೇವದಾನಪ್ಪ ಗುರುತಿನ ಇನ್ನೊಂದು ಬದಿಯಲ್ಲಿ ಟೊಪ್ಪಿಗೆ ತೆಗೆದು ತಮ್ಮ ಪ್ರಾರ್ಥನೆ ಮಾಡಿದರು. ಆಮೇಲೆ ಇಬ್ಬರೂ ಹಾರೆ ಹಿಡಿದರು. ಸಿಮೆಂಟಿನ ಐದು ರಿಂಗುಗಳು ಜೋಡಿ ದೋಣಿ ಕಟ್ಟಿ ಒಂದೊಂದಾಗಿ ಬಂದವು. ರಿಂಗನ್ನು ಮರಳಿನ ಮೇಲೆ ಕೂರಿಸಿ ಒಳಗಿನ ಮಣ್ಣು ತೆಗೆದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದರ ಮೇಲೆ ಇನ್ನೊಂದು. ಹೀಗೆ ಏಳನೇ ದಿನಕ್ಕೆ ನಾಲ್ಕು ರಿಂಗು ಇಳಿದು ಎಂಟಡಿ ಆಯಿತು. ಬುಟ್ಟಿಯಲ್ಲಿ ಬೂದುಬಣ್ಣದ ಮರಳು ಬಂತು, ಅದರಲ್ಲಿ ಒಡೆದ ಚಿಪ್ಪು. ಕುಷ್ಟ ಹಾರೆಯನ್ನು ಮೇಲಕ್ಕೆ ಎಸೆದ.

“ಸಾಕ್.”

“ಸಾಕಾ? ಇನ್ನೊಂದು ರಿಂಗ್ ಐತಲ್ರೀ” ಎಂದರು ದೇವದಾನಪ್ಪ. “ನಮ್ಮ ಕಡೆ ಅರವತ್ತಡಿ ತೋಡಿದ್ರೂ ಇನ್ನೂ ನಾಲ್ಕಡಿ ಅಂತೇವಿ. ಸೊಂಟದಷ್ಟೂ ನೀರಿಲ್ಲ, ಮೇ ತಿಂಗಳಿಗೆ ಬತ್ತಿ ಹೋಗತೈತಿ.”

“ನಿಮ್ಮಲ್ಲಿ ನೀರ್ ಕೆಳ್ಗೆ ಇಪ್ಪುದ್, ಇಂಜಿನಿಯರ್ರೆ. ಇಲ್ಲಿ ಕೆಳ್ಗಿಪ್ಪುದ್ ಸಮುದ್ರ.”

ಓವರ್ಸಿಯರ್ ಹೊಂಡವನ್ನು ನೋಡಿದರು, ಕುಷ್ಟನನ್ನು ನೋಡಿದರು. ಒಪ್ಪಿಗೆಯಾಗಲಿಲ್ಲ, ಆದರೆ ಬಿಟ್ಟುಕೊಟ್ಟರು. ಐದನೆಯ ರಿಂಗು ತೆಂಗಿನ ಬುಡದಲ್ಲಿ ಉಳಿಯಿತು.

ಎಂಟನೇ ದಿನ ಬೆಳಿಗ್ಗೆ ಕುಷ್ಟ ಬರೀ ಹೊಟ್ಟೆಯಲ್ಲಿ ಬಂದು, ಬಾವಿಗಿಳಿದು ಒಂದು ಬೊಗಸೆ ಎತ್ತಿದ. ಕಣ್ಣು ಮುಚ್ಚಿದ. ಹನ್ನೆರಡು ಜನ ಸುತ್ತ ನಿಂತಿದ್ದರು. ಅವನು ಉಗಿಯಲಿಲ್ಲ, ನುಂಗಿದ. “ಚಪ್ಪೆ” ಎಂದ. ಉಪ್ಪಿಲ್ಲದ್ದು, ಸಿಹಿನೀರು ಎಂದು ಅರ್ಥ. ಎಸ್ತರ್ ಸರೋಜಳ ಕೈ ಹಿಡಿದುಕೊಂಡಳು.

ಒಂಬತ್ತನೇ ದಿನ ಗಂಡ ಹೆಂಡತಿ ಹಟ್ಟಿಯಂಗಡಿಗೆ ಹೋದರು. ನೀರು ಸಿಹಿಯಾದರೆ ಗಣಪತಿಗೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಸರೋಜ ಹರಕೆ ಹೇಳಿಕೊಂಡಿದ್ದಳು. ಪೂಜೆ ಮುಗಿಸಿ, ಬಸ್ಸು ಹಿಡಿದು, ದೋಣಿ ಹತ್ತಿ ಕುದ್ರುವಿಗೆ ಬಂದಾಗ ಮೂರೂವರೆ.

ಬಾವಿಯಿಂದ ನದಿಯವರೆಗೆ ಮರಳಿನಲ್ಲಿ ಒಂದು ಒದ್ದೆ ಗೆರೆ ಹೋಗಿತ್ತು. ಕುಷ್ಟ ಅದನ್ನು ದೋಣಿಯಿಂದ ಇಳಿಯುವಾಗಲೇ ಕಂಡ. ಹಣ್ಣುಕಾಯಿಯ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ಗೆರೆಯನ್ನೇ ಹಿಡಿದು ನಡೆದ. ಬಾವಿಯ ಬಳಿ ಬಾಡಿಗೆಗೆ ತಂದ ಗೋವರ್ಧನನ ಡೀಸೆಲ್ ಪಂಪು. ಪೈಪು ಸುತ್ತಿಟ್ಟಿದ್ದರು. ಹುಡುಗರು ಕೆಸರಾಗಿದ್ದರು, ಸಂತೋಷವಾಗಿದ್ದರು.

“ಬಾವಿ ತೊಳದು ಕೊಟ್ಟೇವಿ ನೋಡ್ರಿ ಕುಷ್ಟಣ್ಣಾರ” ಎಂದರು ದೇವದಾನಪ್ಪ. “ನಮ್ಮ ಕಡೆ ಹೊಸಾ ಬಾವಿ ಪೂರ್ತಿ ಬಳದು, ತಳದ ಕೆಸರು ತಗದು, ಕಾಯಿನಾರಿಂದ ತಿಕ್ಕಿ, ಆಮ್ಯಾಲ ಮಂದಿಗೆ ಬಿಡೂದು. ನಾಳೆ ಅರ್ಪಣೆ ಅಲ್ರೀ. ನೀವು ಬರೂದ್ರೊಳಗ ಮುಗಸಬೇಕಂತ ಮಾಡಿದ್ವಿ.”

ತಡೆಯುವವರು ಯಾರೂ ಇರಲಿಲ್ಲ. ಇಳಿತದ ಹೊತ್ತು, ಹೆಂಗಸರೆಲ್ಲ ಮಳಿಗೆ ಹೋಗಿದ್ದರು, ಗಂಡಸರು ಕೆಲಸಕ್ಕೆ. ಕುದ್ರುವಿನ ಬಾವಿಗೆ ಪಂಪು ಇಡಬಾರದು ಎಂದು ಕುಷ್ಟ ಹೇಳಿರಲಿಲ್ಲ. ಹೇಳಬೇಕಾದ ಮಾತು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅದು ಕುದ್ರುವಿನ ಐದು ವರ್ಷದ ಮಗುವಿಗೂ ಗೊತ್ತು. ತೊಳೆಯದ ಬಾವಿಯ ನೀರನ್ನು ಕುಡಿಯಬಾರದು ಎಂಬುದು ಧಾರವಾಡದ ಮಗುವಿಗೆ ಗೊತ್ತಿರುವ ಹಾಗೆಯೇ.

ಬಾವಿಯಲ್ಲಿ ಆಗಲೇ ಮೊಣಕಾಲಿನಷ್ಟು ನೀರು ಏರಿತ್ತು. ತಿಳಿಯಾಗಿತ್ತು, ತಳದ ಚಿಪ್ಪು ಕಾಣುತ್ತಿತ್ತು. ಕುಷ್ಟ ಹಗ್ಗ ಹಿಡಿದು ಇಳಿದು ಬೊಗಸೆ ತುಂಬಿದ. ದೇವಸ್ಥಾನದಲ್ಲಿ ಉಂಡ ಬಾಯಿ. ನಿಯಮದ ಪ್ರಕಾರ ಲೆಕ್ಕಕ್ಕಿಲ್ಲ. ಆದರೆ ಈ ನೀರಿಗೆ ನಿಯಮ ಬೇಕಿರಲಿಲ್ಲ.

ಚೊಂಬಿನಲ್ಲಿ ಅದೇ ನೀರನ್ನು ಮೇಲೆ ತಂದು ದೇವದಾನಪ್ಪನವರಿಗೆ ಕೊಟ್ಟ. ಅವರು ಒಂದು ಗುಟುಕು ಕುಡಿದರು. ಚೊಂಬನ್ನು ಕೆಳಗಿಡಲು ಅವರಿಗೆ ಬಹಳ ಹೊತ್ತು ಹಿಡಿಯಿತು.

“ಹಾಲಿನ ಮೇಲೆ ಕೆನೆ ಕೂತಾಂಗೆ, ಇಲ್ಲಿ ಉಪ್ಪುನೀರಿನ್ ಮೇಲೆ ಚಪ್ಪೆನೀರ್ ಕೂತಿರತ್ತ್” ಎಂದ ಕುಷ್ಟ. ಧ್ವನಿ ಏರಿಸಲಿಲ್ಲ. “ಮೇಲಿಂದ ಒಂದೊಂದ್ ಕೊಡ ತೆಗೂಕಕ್ಕ್. ಪಂಪ್ ಹಾಕಿ ಎಳ್ದ್ರೆ ಅಡೀದ್ ಮೇಲ್ ಬತ್ತ್.”

“ಮತ್ತೊಮ್ಮೆ ಎಲ್ಲಾ ಬಳದು ಹೊರಗ ಹಾಕಿದ್ರ?”

“ಮುಟ್ಟೂಕಾಗ. ಇನ್ನ್ ಯಾರೂ ಮುಟ್ಟೂಕಾಗ.”

“ಸರಿಹೋಗತೈತೇನ್ರಿ?”

“ಹೋಪ್ಕೂ ಸಾಕ್, ಹೋಗ್ದೆ ಇಪ್ಪುಕೂ ಸಾಕ್. ನಾಡಿದ್ ಅಮಾಸಿ, ದೊಡ್ಡ ಭರತ. ಅದ್ ಕಳ್ದ್, ಬಪ್ಪು ಹುಣ್ಮಿ ಭರತವೂ ಕಳೀಕ್. ಹದ್ನಾರ್ ಹದ್ನೇಳ್ ದಿನ.”

ತಂಡದ ಬಳಿ ಇದ್ದದ್ದು ಒಂದು ದಿನ. ಮರುದಿನ ಸಂಜೆ ಕುಂದಾಪುರದಿಂದ ಹುಬ್ಬಳ್ಳಿಯ ಬಸ್ಸು. ಬೆಳಿಗ್ಗೆ ಅರ್ಪಣೆಗೆ ಮೂವತ್ತೊಂದು ಮನೆಯವರನ್ನೂ ಕರೆದಾಗಿತ್ತು, ಮನೆಗೊಂದು ಕೊಡ ತನ್ನಿ ಎಂದು ಎಸ್ತರಳೇ ಮನೆಮನೆಗೆ ಹೇಳಿ ಬಂದಿದ್ದಳು.

ದೇವದಾನಪ್ಪ ಕುಷ್ಟನ ಜೊತೆ ಅವನ ಮನೆಯ ಜಗಲಿಗೆ ಬಂದು ಕೂತರು. “ನಾಳೆ ಮಂದಿ ಮುಂದ ನಾನ ಹೇಳತೇನಿ, ತಪ್ಪು ನಮ್ಮದು ಅಂತ.”

“ಬ್ಯಾಡ. ಬಂದ ನೆಂಟ್ರ್ ನೀವ್.” ಕುಷ್ಟ ಅಂಗಳ ನೋಡುತ್ತಿದ್ದ. “ಹೇಳಿ ನೀವ್ ಬಸ್ಸ್ ಹತ್ತಿ ಹೋತ್ರಿ. ನಾನ್ ಇಲ್ಲೇ ಇಪ್ಪುವಂವ. ಬಾವಿ ಉಪ್ಪಾರೆ, ಯಾರ್ ಪಂಪ್ ಇಟ್ರ್ ಅಂದೇಳಿ ಹತ್ತ್ ವರ್ಷ ಕಳ್ದ್ ಮೇಲೆ ಯಾರಿಗೂ ನೆನ್ಪಿರುದಿಲ್ಲೆ. ತೋಡಿದ್ ಯಾರ್ ಅಂಬುದ್ ಮಾತ್ರ ನೆನ್ಪಿರತ್ತ್.”

ಒಳಗಿನಿಂದ ಸರೋಜ ಹೇಳಿದಳು, “ಅವ್ರಿಗೆ ಮೂಡುಮೂಲೆ ಬಾವಿ ಸುದ್ದಿ ಹೇಳಿ. ಅರ್ಧ ಹೇಳ್ರೆ ಅವ್ರಿಗೆಂತ ಗೊತ್ತಾತ್?”

ಹೇಳಿದ. ದೇವದಾನಪ್ಪ ಮಧ್ಯೆ ಬಾಯಿ ಹಾಕದೆ ಕೇಳಿದರು. ಎದ್ದು ಹೋಗುವಾಗ ಅವರು ಏನನ್ನೂ ಒಪ್ಪಿಕೊಳ್ಳಲಿಲ್ಲ, ಮಾತು ಕೊಡಲಿಲ್ಲ. ಆ ಸಂಜೆ ಶಾಲೆಯ ಜಗಲಿಯಿಂದ ಹಾಡು ಕೇಳಿಸಲಿಲ್ಲ.

ಮರುದಿನ ಒಂಬತ್ತು ಗಂಟೆಗೆ ಜನ ಸೇರಿತು. ಹೆಂಗಸರ ಸೊಂಟದಲ್ಲಿ ಕೊಡಗಳು. ದೇವದಾನಪ್ಪ ಚಿಕ್ಕದೊಂದು ಪ್ರಾರ್ಥನೆ ಮಾಡಿ, ಪುಸ್ತಕ ಮುಚ್ಚಿ ಹೇಳಿದರು. “ಮೊನ್ನೆ ಈ ಬಾವಿ ನೀರು ಸಿಹಿ ಇತ್ತು. ಕುಷ್ಟಣ್ಣಾರು ಕುಡದು ಹೇಳಿದ್ದು ನಾವೆಲ್ಲಾ ನೋಡೇವಿ. ನಿನ್ನೆ ಅವರು ಊರಾಗಿಲ್ಲದಾಗ ಪಂಪ್ ಹಚ್ಚಿ ನೀರು ಖಾಲಿ ಮಾಡಿಸಿದವ ನಾನು. ಅವರನ್ನ ಕೇಳಲಿಲ್ಲ. ನಲವತ್ತು ವರ್ಷ ಬಾವಿ ಕಟ್ಟಿಸೇನಿ, ಕೇಳೂದೇನೈತಿ ಅಂದ್ಕೊಂಡೆ. ಈಗ ನೀರು ಉಪ್ಪಾಗೇತಿ. ಅವರು ಹೇಳೂತನಕ ಯಾರೂ ಕೊಡ ಇಳಸಬ್ಯಾಡ್ರಿ. ತಪ್ಪಾತು, ಕ್ಷಮಿಸ್ರಿ.”

ಕುಷ್ಟ ನೆಲ ನೋಡುತ್ತಾ ನಿಂತಿದ್ದ. ಎಪ್ಪತ್ತು ದಾಟಿದ ರತ್ನ, ಕುದ್ರುವಿನಲ್ಲಿ ಯಾರಿಗೂ ಹೆದರದ ಮುದುಕಿ, ಖಾಲಿ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

“ಹಂಗಾರೆ ಇದ್ ಇಂಜಿನಿಯರ್ರ ಸಮುದ್ರ ಆಯ್ತ್.”

ಮೊದಲು ನಕ್ಕವಳು ಸರೋಜ. ಆಮೇಲೆ ಎಲ್ಲರೂ. ನಗು ಯಾಕೆಂದು ಧಾರವಾಡದ ಹುಡುಗರಿಗೆ ತಿಳಿಯಲಿಲ್ಲ. ತಿಳಿದವರು ದೇವದಾನಪ್ಪ ಒಬ್ಬರೇ. “ಆಗ್ಲಿ ಅಜ್ಜಿ, ಹಂಗಽ ಕರೀರಿ” ಎಂದು ಕೈ ಮುಗಿದರು.

ಕುಷ್ಟ ಆಗ ತಲೆ ಎತ್ತಿದ. ತೆಂಗಿನ ಬುಡದಲ್ಲಿ ಬಿದ್ದಿದ್ದ ರಿಂಗನ್ನು ತೋರಿಸಿದ. “ಬಸ್ಸಿಗ್ ಇನ್ನೂ ಹೊತ್ತಿತ್ತಲೆ, ಇಂಜಿನಿಯರ್ರೆ. ಅದೊಂದ್ ಕೆಲ್ಸ ಮುಗ್ಸುವ.”

ಐದನೆಯ ರಿಂಗನ್ನು ಎತ್ತಲು ಹನ್ನೆರಡು ಜನ ಸಾಕಾಗಲಿಲ್ಲ. ಬಿದಿರು ಕೊಟ್ಟು, ಹಗ್ಗ ಕಟ್ಟಿ, ಕುದ್ರುವಿನವರೂ ಕೈ ಹಾಕಿದರು. ರತ್ನ ದೂರ ನಿಂತು, ಹಗ್ಗ ಹಿಡಿಯದೆಯೇ ಎಲ್ಲರಿಗಿಂತ ಜೋರಾಗಿ ಹೇಳಿಕೊಡುತ್ತಿದ್ದಳು. ಅದನ್ನು ನಾಲ್ಕನೆಯದರ ಮೇಲೆ, ನೆಲದ ಮಟ್ಟಕ್ಕೆ ಕೂರಿಸಿದರು. ಈ ಸಲ ಯಾರೂ ಒಳಗಿನ ಮಣ್ಣು ತೆಗೆಯಲಿಲ್ಲ. ಎರಡಡಿ ಎತ್ತರದ ಕಟ್ಟೆಯಾಯಿತು. ಕುಷ್ಟ ತೆಂಗಿನ ಮಡಲಿನ ತಟ್ಟಿ ಹೆಣೆದು ಬಾವಿಯ ಬಾಯಿ ಮುಚ್ಚಿದ, ನಾಲ್ಕು ಕಲ್ಲು ಹೇರಿದ.

ಮಧ್ಯಾಹ್ನ ಎರಡು ದೋಣಿಯಲ್ಲಿ ತಂಡ ಹೊರಟಿತು. ಎಸ್ತರ್ ಉಳಿದ ಮುಲಾಮು, ಬ್ಯಾಂಡೇಜನ್ನು ಸರೋಜಳ ಮಡಿಲಿಗೆ ಹಾಕಿ ಹಚ್ಚುವ ಬಗೆಯನ್ನು ಎರಡೆರಡು ಸಲ ವಿವರಿಸಿದಳು. ದೇವದಾನಪ್ಪ ಒಂದು ಚೀಟಿಯಲ್ಲಿ ಮನೆಯ ಫೋನ್ ನಂಬರ್ ಬರೆದು ಕೊಟ್ಟರು. “ಹೆಂಗಾದ್ರೂ ಆಗ್ಲಿ, ತಿಳಸ್ರಿ. ಉಪ್ಪಾದ್ರೂ ತಿಳಸ್ರಿ.”

“ತಿಳ್ಸ್ತೆ” ಎಂದ ಕುಷ್ಟ.

ಅಮಾವಾಸ್ಯೆಯ ಭರತ ಬಂದು ಹೋಯಿತು. ಕುಷ್ಟ ದಿನಾ ಬೆಳಿಗ್ಗೆ ತಟ್ಟಿಯ ಒಂದು ಮೂಲೆ ಸರಿಸಿ, ಕೋಲಿಗೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ಮೇಲಿನ ನೀರು ಮುಟ್ಟಿಯೂ ಮುಟ್ಟದಂತೆ ಎತ್ತಿ ಬಾಯಿಗೆ ಹಾಕುತ್ತಿದ್ದ, ಉಗಿಯುತ್ತಿದ್ದ. ಆ ದಿನಗಳಲ್ಲಿ ಅವನು ಒಣಮೀನು ತಿನ್ನಲಿಲ್ಲ. ನಾಲ್ಕನೇ ದಿನ ಉಪ್ಪು ಹಾಗೆಯೇ ಇತ್ತು. ಎಂಟನೇ ದಿನವೂ. ಒಂಬತ್ತನೇ ದಿನ ಕಡಿಮೆಯಾದಂತೆ ತೋರಿತು. ಆಸೆಪಟ್ಟ ನಾಲಗೆಯನ್ನು ನಂಬಬಾರದು ಎಂದು ಅವನು ಹೆಂಡತಿಗೂ ಹೇಳಲಿಲ್ಲ. ರತ್ನ ದಾರಿಯಲ್ಲಿ ಸಿಕ್ಕಾಗಲೆಲ್ಲ “ಎಂತ ಅಂತ್ ನಿನ್ನ ನಾಲ್ಗೆ?” ಎಂದು ಕೇಳುತ್ತಿದ್ದಳು. “ಇನ್ನೂ ಮಾತಾಡ್ಲಿಲ್ಲೆ” ಎನ್ನುತ್ತಿದ್ದ.

ಸರೋಜಳ ದೋಣಿ ಎಂದಿನಂತೆ ಆರು ಕೊಡ ಹೊತ್ತು ಆಚೆ ದಡಕ್ಕೆ ಹೋಗಿ ಬರುತ್ತಿತ್ತು.

ಹುಣ್ಣಿಮೆ ಕಳೆದ ಮರುದಿನ ಬೆಳಿಗ್ಗೆ ಕುಷ್ಟ ಬಾವಿಯಿಂದ ಬಂದು ಅಡುಗೆಮನೆಗೆ ಹೋದ. “ಇವತ್ ಗಂಜಿ ನಾನ್ ಮಾಡ್ತೆ.” ಸರೋಜ ಅಚ್ಚರಿಪಡಲಿಲ್ಲ, ಮುಂಬಯಿಯ ನೆನಪು ಬಂದಾಗ ಅವನು ಹೀಗೆ ಮಾಡುವುದಿತ್ತು. ಕುಚ್ಚಲಕ್ಕಿ ಬೆಂದ ಮೇಲೆ ಬಟ್ಟಲಿಗೆ ಬಡಿಸಿ ಅವಳ ಮುಂದಿಟ್ಟು ಎದುರು ಕೂತ. ಅವಳು ಒಂದು ಬಾಯಿ ಉಂಡಳು.

“ಹ್ವಾಯ್, ಇದ್ಕೆ ಉಪ್ಪೇ ಹಾಕ್ಲಿಲ್ಲೆ ನೀವ್?”

“ಇಲ್ಲೆ.”

“ಚಪ್ಪೆ ಗಂಜಿ ಉಂಬುಕ್ ನಂಗೆಂತ ಜ್ವರವಾ?” ಎಂದು ಎದ್ದು ಉಪ್ಪಿನ ಭರಣಿಗೆ ಕೈ ನೀಡಿದವಳು ಅಲ್ಲೇ ನಿಂತಳು. ಮೂಲೆಯ ಕೊಡಗಳನ್ನು ನೋಡಿದಳು. ನಿನ್ನೆ ಸಂಜೆ ತಂದಿಟ್ಟ ನೀರು ಅಂಚಿನವರೆಗೆ ಹಾಗೆಯೇ ಇತ್ತು. ಒಂದು ಲೋಟವೂ ಖರ್ಚಾಗಿರಲಿಲ್ಲ.

ಅವಳು ಮತ್ತೆ ಕೂತು, ಉಪ್ಪು ಹಾಕಿಕೊಳ್ಳದೆ, ಆ ಬಟ್ಟಲು ಗಂಜಿಯನ್ನು ಪೂರ್ತಿ ಉಂಡಳು.

ಬಾವಿಗೆ ನಿಯಮ ಮಾಡಿದವಳು ರತ್ನ. ಕುಡಿಯಲು, ಬೇಯಿಸಲು ಮಾತ್ರ ಎಂದು ಮನೆಗೆ ಬೆಳಿಗ್ಗೆ ಒಂದು ಕೊಡ, ಸಂಜೆಗೆ ಒಂದು. ಕೊಡವನ್ನು ಮುಳುಗಿಸುವಂತಿಲ್ಲ, ಓರೆ ಮಾಡಿ ಮೇಲಿನ ನೀರನ್ನು ಮಾತ್ರ ತುಂಬಿಕೊಳ್ಳಬೇಕು. ಗೋವರ್ಧನನ ಪಂಪು ಕುದ್ರುವಿಗೆ ಕಾಲಿಡುವಂತಿಲ್ಲ. ಈ ಕೊನೆಯದನ್ನು ಅವಳು ಗೋವರ್ಧನನ ಎದುರೇ ಹೇಳಿದಳು.

ಎರಡು ದಿನ ಕಾದು, ನೀರು ನಿಂತದ್ದು ಖಾತ್ರಿಯಾದ ಮೇಲೆ ಕುಷ್ಟ ಕುಂದಾಪುರಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನ್ ಮಾಡಿದ. ಎತ್ತಿದವರು ದೇವದಾನಪ್ಪನವರೇ.

“ಇಂಜಿನಿಯರ್ರೆ, ಕುಷ್ಟ ಮಾತಾಡುದ್. ಚಪ್ಪೆ.”

“ದೇವರಿಗೆ ಸ್ತೋತ್ರ” ಎಂದರು ದೇವದಾನಪ್ಪ. ಆಮೇಲೆ, “ಐದನೇ ರಿಂಗ್ ಹೆಂಗೈತ್ರಿ?”

“ಅದ್ರ್ ಮೇಲೆ ಕೂಕಂಡೇ ಹೆಂಗ್ಸ್ರೆಲ್ಲ ಪಟ್ಟಾಂಗ ಹೊಡೂದ್.”

“ಹೆಸರು? ಅಜ್ಜಿ ಇಟ್ಟ ಹೆಸರು?”

“ಅದ್ ಹಾಂಗೇ ಇತ್ತ್” ಎಂದ ಕುಷ್ಟ. “ಇಂಜಿನಿಯರ್ರ ಸಮುದ್ರದಗಿಂದ ಒಂದ್ ಕೊಡ ತಾ ಅಂತ್ರ್. ಅದೀಗ ತಪ್ಪುದಿಲ್ಲೆ.”

ದೇವದಾನಪ್ಪ ನಕ್ಕರು. ಧಾರವಾಡದವರೆಗಿನ ತಂತಿಯಲ್ಲಿ ಆ ನಗು ಕರಕರ ಕೇಳಿಸಿತು.

ಬೂತಿನಿಂದ ಹೊರಬಂದು, ಬಸ್ಸು ಹಿಡಿದು ಕುಷ್ಟ ದಡಕ್ಕೆ ಬಂದಾಗ ಐದೂವರೆ. ಅಭ್ಯಾಸದಂತೆ ಕೇದಗೆಯ ಪೊದೆ ದಾಟಿ ಇಳಿಜಾರಿನಲ್ಲಿ ಇಳಿದ. ದೋಣಿ ಇರಲಿಲ್ಲ. ಏನೋ ಆಗಿರಬೇಕು ಎಂದು ನೀರಿನ ಅಂಚಿಗೆ ಹೋಗಿ ಕುದ್ರುವಿನ ಕಡೆ ನೋಡಿದ. ಆಮೇಲೆ ನೆನಪಾಯಿತು. ಸರೋಜ ಇನ್ನು ಈ ಹೊತ್ತಿಗೆ ಇಲ್ಲಿಗೆ ಬರಬೇಕಾದ ಕೆಲಸವಿಲ್ಲ.

ನದಿಯ ನಡುವೆ, ದೋಣಿ ದಾಟಿಸುವ ಬಚ್ಚ ಬೇರೆ ಯಾರನ್ನೋ ಕೂರಿಸಿಕೊಂಡು ಗಂಗೊಳ್ಳಿಯ ಕಡೆ ಹೋಗುತ್ತಿದ್ದ. ಕುಷ್ಟ ಎರಡೂ ಕೈಯನ್ನು ಬಾಯಿಗೆ ಹಿಡಿದು “ಹ್ವಾಯ್” ಎಂದು ಕೂಗಿದ. ಬಚ್ಚ ಹುಟ್ಟೆತ್ತಿ, ಕಾಯಲು ಸನ್ನೆ ಮಾಡಿದ. ಕುಷ್ಟ ಸೊಂಟದಿಂದ ಎಲೆಯಡಿಕೆಯ ಚೀಲ ಬಿಚ್ಚಿ, ದಡದ ಕಲ್ಲಿನ ಮೇಲೆ ಕೂತ.